ಒಂದೇ ಬೀಸಿಗೆ

ಚಿತ್ರ ಬರೆಯುವಾಗ ಗೆರೆ ನಡುಗೋದು ಬಹುಪಾಲು ಅಳುಕಿನಿಂದ, ತೀರಾ ನಿಧಾನಕ್ಕೆ ಎಳೆಯೋದ್ರಿಂದ. ಈಗ ಮೊದಲು ಎರಡು ಚುಕ್ಕಿ ಇಡ್ತೀನಿ. ಪೆನ್ನು ಹಾಳೆಗೆ ತಾಗಿಸದೆ ಗಾಳಿಯಲ್ಲೇ ಒಂದೆರಡು ಸಲ ಆಡಿಸಿ, ಕಣ್ಣನ್ನ ಪೆನ್ನಿನ ಮೊನೆ ಬಿಟ್ಟು ತಲುಪಬೇಕಾದ ಚುಕ್ಕಿ ಮೇಲಿಟ್ಟು, ಒಂದೇ ಬೀಸಿಗೆ ಎಳೆಯೋದು. ಉದ್ದ ಗೆರೆಗೆ ಮಣಿಕಟ್ಟು ಸಾಲದು, ತಾನಾಗೇ ಬಾಗಿಬಿಡುತ್ತೆ, ಭುಜದಿಂದ ಬರಬೇಕು. ಚುಕ್ಕಿ ದಾಟಿ ಹೋದ್ರೂ ಪರವಾಗಿಲ್ಲ, ಅದರ ಮೇಲೇ ಮತ್ತೆ ಮತ್ತೆ ತೀಡಬಾರದು ಅಷ್ಟೇ. ಅದಕ್ಕೇ ರಬ್ಬರ್ ಎತ್ತಿಟ್ಟು ಬಾಲ್‌ಪೆನ್ ಹಿಡಿದಿದ್ದೀನಿ.

ಆರ್.ಕೆ. ಲಕ್ಷ್ಮಣ್ ಬರೆದ ಕಾಗೆಗಳನ್ನ ನೋಡಿದ್ರೆ ಮಾತ್ರ ಹೊಟ್ಟೆಕಿಚ್ಚು! ಮೈಸೂರಲ್ಲಿ ಹುಡುಗರಾಗಿದ್ದಾಗಿನಿಂದ್ಲೂ ಅವರಿಗೆ ಕಾಗೆ ಅಂದ್ರೆ ಪ್ರಾಣ. ಬ್ರಷ್ಷಿನ ನಾಲ್ಕು ಬೀಸಲ್ಲಿ ಅದರ ತುಂಟತನವೂ ಬಂದುಬಿಡುತ್ತೆ.

ನಾನು ಬರೆದದ್ದನ್ನ ನೋಡಿ ಅಮ್ಮ, "ಕೋಳಿ ಚೆನ್ನಾಗಿದೆ ಕಣೋ" ಅಂದ್ರು.