ಎಳೆಯುವುದು ಬೇರೆ, ಹೊರುವುದು ಬೇರೆ: ಫಿಫ್ತ್‌ವೀಲ್ ಕೊಳ್ಳುವ ಮುಂಚೆ ಟ್ರಕ್ಕಿನ ಲೆಕ್ಕ

ಅಮೆರಿಕದಲ್ಲಿ ಫಿಫ್ತ್‌ವೀಲ್ ಟ್ರೇಲರ್, ಅಂದರೆ ಪಿಕಪ್ ಟ್ರಕ್ಕಿನ ಬೆಡ್‌ನೊಳಗೆ (ಹಿಂದಿನ ಸಾಮಾನು ತೊಟ್ಟಿಯೊಳಗೆ) ಮೂಗು ಕೂರಿಸಿ ಎಳೆಯುವ ಮನೆಗಾಡಿ, ಕೊಳ್ಳಲು ಹೊರಟವರು ಮೊದಲು ಕೇಳುವುದು ನನ್ನ ಟ್ರಕ್ ಎಷ್ಟು ಎಳೆಯುತ್ತದೆ ಅಂತ. ಮುಕ್ಕಾಲು ಟನ್ (ಇದು ಟ್ರಕ್ಕಿನ ವರ್ಗದ ಹೆಸರು ಮಾತ್ರ, ಹೊರುವ ತೂಕವಲ್ಲ) ಡೀಸೆಲ್ ಪಿಕಪ್‌ನ ಬ್ರೋಷರ್‌ನಲ್ಲಿ 15,000 ಪೌಂಡ್, 18,000 ಪೌಂಡ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಟ್ರೇಲರ್ ಮೇಲೆ ಬರೆದಿರುವ ಅದರ ಗರಿಷ್ಠ ತೂಕ 13,000. ಇನ್ನೂ ಐದು ಸಾವಿರ ಮಿಕ್ಕಿತಲ್ಲ ಅಂದುಕೊಂಡು ಸಹಿ ಹಾಕಿಬಿಡುತ್ತಾರೆ. ಅಂಥ ಟ್ರಕ್ಕಿನಲ್ಲಿ ಎಳೆಯುವ ಶಕ್ತಿ ಸಾಕಷ್ಟಿರುತ್ತದೆ. ಮೊದಲು ಖಾಲಿಯಾಗುವುದು ಹೊರುವ ಶಕ್ತಿ, ಅಂದರೆ ಪೇಲೋಡ್.

ಎತ್ತಿನ ಗಾಡಿ ಹೇರಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೇರು ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಫಿಫ್ತ್‌ವೀಲ್ ಬೇಕೆಂದೇ ಮುಂಭಾರವಾಗಿ ಕಟ್ಟಿದ ಗಾಡಿ. ಬಂಪರ್ ಹಿಂದೆ ಕಟ್ಟಿಕೊಳ್ಳುವ ಸಾಮಾನ್ಯ ಟ್ರೇಲರ್ ತನ್ನ ತೂಕದ 10ರಿಂದ 15 ಶೇಕಡಾ ಭಾಗವನ್ನು ಟ್ರಕ್ ಮೇಲೆ ಹಾಕಿದರೆ, ಫಿಫ್ತ್‌ವೀಲ್ 15ರಿಂದ 25 ಶೇಕಡಾ ಹಾಕುತ್ತದೆ. ಮನೆಸಾಮಾನು ತುಂಬಿದ ಗಾಡಿಗೆ 22 ಶೇಕಡಾ ಹಿಡಿದು ಲೆಕ್ಕ ಮಾಡಿದರೆ ಹೆಚ್ಚು ತಪ್ಪುವುದಿಲ್ಲ. ಇದಕ್ಕೆ ಪಿನ್ ತೂಕ ಅನ್ನುತ್ತಾರೆ. ಟ್ರೇಲರ್ ಮೂಗಿನಡಿಯ ಉಕ್ಕಿನ ಗೂಟವಾದ ಕಿಂಗ್‌ಪಿನ್ ಕೂರುವುದು ಟ್ರಕ್ಕಿನ ಹಿಂದಿನ ಆಕ್ಸಲ್‌ನ ನೆತ್ತಿಯ ಮೇಲೆ ಅಥವಾ ಅದಕ್ಕಿಂತ ಒಂದೆರಡು ಇಂಚು ಮುಂದೆ, ಹಾಗಾಗಿ ಆ ತೂಕ ಬಹುತೇಕ ಪೂರ್ತಿ ಹಿಂದಿನ ಗಾಲಿಗಳ ಮೇಲೇ ಬೀಳುತ್ತದೆ. ಬಂಪರ್ ಟ್ರೇಲರ್‌ಗೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಭಾರ ಹಂಚುವ ಕೊಂಡಿ) ಹಾಕಿ ಒಂದಿಷ್ಟು ಭಾರವನ್ನು ಮುಂದಿನ ಗಾಲಿಗೂ ಟ್ರೇಲರ್ ಗಾಲಿಗೂ ಹಂಚಬಹುದು. ಇಲ್ಲಿ ಆ ಉಪಾಯ ನಡೆಯುವುದಿಲ್ಲ.

ಬ್ರೋಷರ್‌ನ ಸಂಖ್ಯೆ ಸುಳ್ಳೇನಲ್ಲ. ವಾಹನ ಇಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಜೆ2807 ಎಂಬ ಮಾನದಂಡದ ಪ್ರಕಾರ ಅಳೆದದ್ದು ಅದು. ಅರಿಜೋನಾದ 68ನೇ ರಾಜ್ಯ ಹೆದ್ದಾರಿಯಲ್ಲಿರುವ ಡೇವಿಸ್ ಡ್ಯಾಮ್ ಏರಿನ ಲೆಕ್ಕದಲ್ಲಿ, 100 ಡಿಗ್ರಿ ಫ್ಯಾರನ್‌ಹೀಟ್ ಸೆಕೆಯಲ್ಲಿ ಎಸಿ ಪೂರ್ತಿ ಹಾಕಿಕೊಂಡು, ಹಿಂದೆ ಒಂದೊಂದು ಪಕ್ಕಕ್ಕೆ ಒಂದೇ ಗಾಲಿಯಿರುವ ಟ್ರಕ್ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಇಂಜಿನ್ನು, ಗೇರ್‌ಬಾಕ್ಸು, ತಂಪಾಗಿಸುವ ವ್ಯವಸ್ಥೆಗೆ ಇದು ಕಠಿಣ ಪರೀಕ್ಷೆಯೇ. ಆದರೆ ಆ ಟ್ರಕ್ಕಿನೊಳಗೆ ಕೂತವರು ತಲಾ 150 ಪೌಂಡಿನ ಇಬ್ಬರು. ಹಿಂದಿನ ಸೀಟಿನ ಮಕ್ಕಳು, ಬೆಡ್‌ನ ಟೂಲ್‌ಬಾಕ್ಸು, ಮಂಜುಗಡ್ಡೆಯ ಡಬ್ಬಿ ಯಾವುದೂ ಆ ಲೆಕ್ಕದಲ್ಲಿಲ್ಲ.

ನೋಡಬೇಕಾದ ಸಂಖ್ಯೆ ಡ್ರೈವರ್ ಬಾಗಿಲು ತೆರೆದರೆ ಸಿಗುತ್ತದೆ. ಬಾಗಿಲ ಕಂಬದ ಮೇಲೆ ಎರಡು ಚೀಟಿ ಇರುತ್ತವೆ. ಟೈರ್ ಗಾಳಿಯ ವಿವರವಿರುವ, ಹಳದಿ ಪಟ್ಟಿಯ ಚೀಟಿಯಲ್ಲಿ ‘ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಬಾರದು’ ಎಂಬರ್ಥದ ಇಂಗ್ಲಿಷ್ ವಾಕ್ಯವಿದೆ. ನಿಮ್ಮ ಪೇಲೋಡ್ ಅದೇ. ಬ್ರೋಷರ್‌ನಲ್ಲಿರುವುದು ಆ ಮಾದರಿಯ ಅತಿ ಹಗುರ ಟ್ರಕ್ಕಿನದು. ಸನ್‌ರೂಫು, ಫೋರ್ ವೀಲ್ ಡ್ರೈವ್, ದೊಡ್ಡ ಕ್ಯಾಬ್ ಸೇರಿದಷ್ಟೂ ಪೇಲೋಡ್ ಇಳಿಯುತ್ತದೆ. ಡೀಸೆಲ್ ಇಂಜಿನ್ ಪೆಟ್ರೋಲ್ ಇಂಜಿನ್ನಿಗಿಂತ ನೂರಾರು ಪೌಂಡ್ ಹೆಚ್ಚು ತೂಗುವುದರಿಂದ, ಗರಿಷ್ಠ ತೂಕ ಒಂದೇ ಇರುವ ಎರಡು ಮುಕ್ಕಾಲು ಟನ್ ಟ್ರಕ್‌ಗಳಲ್ಲಿ ಪೆಟ್ರೋಲಿನದೇ ಹೆಚ್ಚು ಹೊರುತ್ತದೆ. ಎರಡನೇ ಚೀಟಿಯಲ್ಲಿ ಟ್ರಕ್ಕಿನ ಗರಿಷ್ಠ ಒಟ್ಟು ತೂಕ, ಅಂದರೆ ಜಿವಿಡಬ್ಲ್ಯೂಆರ್, ಜೊತೆಗೆ ಮುಂದಿನ ಹಿಂದಿನ ಆಕ್ಸಲ್‌ಗಳ ಮಿತಿ ಇರುತ್ತವೆ. ಎರಡರದೂ ಫೋಟೋ ತೆಗೆದಿಟ್ಟುಕೊಳ್ಳಿ. ಜಿವಿಡಬ್ಲ್ಯೂಆರ್ 10,000 ಪೌಂಡ್ ದಾಟಿದ ಟ್ರಕ್‌ಗಳಿಗೆ ಹಳದಿ ಪಟ್ಟಿಯ ಚೀಟಿ ಕಡ್ಡಾಯವಲ್ಲ. ಚೀಟಿ ಇಲ್ಲದಿದ್ದರೆ ಟ್ರಕ್ಕನ್ನು ತೂಗಿಸಿ ಜಿವಿಡಬ್ಲ್ಯೂಆರ್‌ನಿಂದ ಕಳೆಯುವುದೇ ದಾರಿ.

ಒಂದು ಲೆಕ್ಕ ಪೂರ್ತಿ ಮಾಡೋಣ. ಮುಕ್ಕಾಲು ಟನ್, ಡೀಸೆಲ್, ನಾಲ್ಕು ಬಾಗಿಲಿನ ಕ್ರೂ ಕ್ಯಾಬ್, ಜಿವಿಡಬ್ಲ್ಯೂಆರ್ 10,000 ಪೌಂಡ್, ಚೀಟಿಯಲ್ಲಿ 2,680 ಅಂತಿದೆ. ತುಂಬಿದ ಇಂಧನದ ಟ್ಯಾಂಕು ಖಾಲಿ ಟ್ರಕ್ಕಿನ ತೂಕದಲ್ಲೇ ಸೇರಿದೆ, ಮತ್ತೆ ಕಳೆಯಬೇಡಿ. ಡ್ರೈವರ್ ಸೇರಿಲ್ಲ, ಅವರನ್ನು ಕಳೆಯಿರಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ 430. ಪಿನ್ ಹಿಡಿಯಲು ಬೆಡ್‌ನಲ್ಲಿ ಕೂರಿಸುವ ಹಿಚ್ 190, ಇದನ್ನು ಮರೆಯುವವರೇ ಹೆಚ್ಚು, ಸರಿಯುವ ಹಿಚ್ ಆದರೆ ಇನ್ನೂ ತೂಕ. ಬೆಡ್‌ನ ರಬ್ಬರ್ ಮ್ಯಾಟು, ಜ್ಯಾಕು, ಸ್ಪ್ಯಾನರುಗಳು, ಕ್ಯಾಬಿನೊಳಗಿನ ಚೀಲಗಳು ಎಲ್ಲ ಸೇರಿ 120. ಒಟ್ಟು 740 ಹೋಯಿತು, ಪಿನ್‌ಗೆ ಉಳಿದದ್ದು 1,940. ಇದನ್ನು 0.22ರಿಂದ ಭಾಗಿಸಿದರೆ ಬರುವುದು ಸುಮಾರು 8,800. 18,000 ಪೌಂಡ್ ಎಳೆಯುವ ಟ್ರಕ್ಕಿಗೆ ಹೊಂದುವ ಫಿಫ್ತ್‌ವೀಲ್ ಇಷ್ಟೇ, ಅದೂ ಸಾಮಾನು ತುಂಬಿದ ಮೇಲಿನ ತೂಕ.

ಈಗ ಟ್ರೇಲರ್ ಕಡೆಯ ಮೋಸ. ಮೊದಲು ಹೇಳಿದ 13,000ದ ಟ್ರೇಲರ್‌ನ ವಿವರಪಟ್ಟಿಯಲ್ಲಿ ಖಾಲಿ ತೂಕ 10,150, ಹಿಚ್ ತೂಕ (ಅಂದರೆ ಪಿನ್ ತೂಕ) 1,840 ಅಂತಿದೆ. ಉಳಿದದ್ದು 1,940, ಇವರು ಕೇಳುವುದು 1,840, ನೂರು ಪೌಂಡ್ ಮಿಕ್ಕಿತು ಅನ್ನಿಸುತ್ತದೆ. ಆದರೆ ಆ 1,840 ಖಾಲಿ ಗಾಡಿಯದು. ನೀರಿಲ್ಲ, ಸಾಮಾನಿಲ್ಲ, ಎಷ್ಟೋ ಸಲ ಬ್ಯಾಟರಿಯೂ ಇಲ್ಲದ ಲೆಕ್ಕ. ಒಂದು ಗ್ಯಾಲನ್ ನೀರು 8.3 ಪೌಂಡ್, 50 ಗ್ಯಾಲನ್ ತುಂಬಿದರೆ 415. ಎರಡು ಪ್ರೊಪೇನ್ ಸಿಲಿಂಡರಿನ ಗ್ಯಾಸೇ 60. ಆಮೇಲೆ ಹಾಸಿಗೆ, ಬಟ್ಟೆ, ಮಡಚುವ ಕುರ್ಚಿ, ಸೈಕಲ್ಲು, ಕೊಳವೆಗಳು, ಡಬ್ಬಿಗಳು. ನಮ್ಮವರ ಅಡುಗೆಮನೆಯಾದರೆ 20 ಪೌಂಡಿನ ಅಕ್ಕಿ ಚೀಲ, ಎರಡು ಕುಕ್ಕರು, ಇಡ್ಲಿ ಪಾತ್ರೆ, ಕಲ್ಲಿನ ಗ್ರೈಂಡರೂ ಬರುತ್ತದೆ! ಹೀಗೆ ಹತ್ತು ಸಾವಿರದ ಗಾಡಿ ಹೊರಡುವ ದಿನ ಹನ್ನೆರಡು ಸಾವಿರ ಆಗಿರುತ್ತದೆ.

ಸೇರಿದ ಸಾಮಾನು ಎಲ್ಲಿ ಕೂರುತ್ತದೆ ಅನ್ನುವುದು ಇನ್ನೂ ಮುಖ್ಯ. ಫಿಫ್ತ್‌ವೀಲ್‌ನ ದೊಡ್ಡ ಉಗ್ರಾಣ ಇರುವುದು ಮುಂಭಾಗದ ಕೆಳಗೆ, ಬಟ್ಟೆಯ ಬೀರು ಮೂಗಿನ ತುದಿಯಲ್ಲಿ, ಬ್ಯಾಟರಿ ಮತ್ತು ಪ್ರೊಪೇನ್ ಬಹುತೇಕ ಗಾಡಿಗಳಲ್ಲಿ ಅಲ್ಲೇ ಪಕ್ಕದಲ್ಲಿ. ಅಲ್ಲಿಟ್ಟದ್ದರ ದೊಡ್ಡ ಪಾಲು ನೇರ ಪಿನ್ ಮೇಲೆ ಬರುತ್ತದೆ. ಹಾಗಾಗಿ ಖಾಲಿ ಗಾಡಿಯಲ್ಲಿ 18 ಶೇಕಡಾ ಇದ್ದ ಪಿನ್ ತೂಕ ತುಂಬಿದ ಮೇಲೆ 21, 22 ಆಗುವುದು ಆಶ್ಚರ್ಯವಲ್ಲ. ನೀರಿನ ಟ್ಯಾಂಕು ಟ್ರೇಲರ್ ಆಕ್ಸಲ್‌ಗಿಂತ ಮುಂದಿದ್ದರೆ ತುಂಬಿದಾಗ ಪಿನ್ ಭಾರವಾಗುತ್ತದೆ, ಹಿಂದಿದ್ದರೆ ಹಗುರವಾಗುತ್ತದೆ. ಕೊಳ್ಳುವಾಗಲೇ ಟ್ಯಾಂಕ್ ಎಲ್ಲಿದೆ ಎಂದು ಬಗ್ಗಿ ನೋಡಿ. ಹಿಂದೆ ಗ್ಯಾರೇಜ್ ಇರುವ ಟಾಯ್ ಹಾಲರ್‌ಗಳದು ಉಲ್ಟಾ ಕಥೆ. ಬೈಕುಗಳನ್ನು ಹತ್ತಿಸಿದರೆ ಪಿನ್ ಹಗುರ, ಗ್ಯಾರೇಜ್ ಖಾಲಿ ಇದ್ದಾಗಲೇ ಟ್ರಕ್ಕಿನ ಮೇಲೆ ಹೆಚ್ಚು ಭಾರ. ಎರಡೂ ಸ್ಥಿತಿಯಲ್ಲಿ ತೂಗಬೇಕು.

ತೂಗುವುದು ಅಂದರೆ ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿರುವ ಕ್ಯಾಟ್ ಸ್ಕೇಲ್ ಎಂಬ ಗಾಡಿ ತೂಗುವ ತಕ್ಕಡಿ. ದುಬಾರಿಯೇನಲ್ಲ, ಅದೇ ತಕ್ಕಡಿಯಲ್ಲಿ 24 ಗಂಟೆಯೊಳಗೆ ಮತ್ತೆ ತೂಗಿದರೆ ಇನ್ನೂ ಅಗ್ಗ. ಫೋನ್ ಆ್ಯಪ್‌ನಲ್ಲೂ ಆಗುತ್ತದೆ. ಇಲ್ಲದಿದ್ದರೆ ಕಂಬದ ಬಟನ್ ಒತ್ತಿ, ಕಂಪನಿ ಹೆಸರು ಕೇಳಿದರೆ ಖಾಸಗಿ ಗಾಡಿ ಅನ್ನಿ. ಮುಂದಿನ ಗಾಲಿ ಮೊದಲ ಹಲಗೆಯ ಮೇಲೆ, ಹಿಂದಿನ ಗಾಲಿ ಎರಡನೆಯದರ ಮೇಲೆ, ಟ್ರೇಲರ್ ಗಾಲಿಗಳು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಿ. ಆಮೇಲೆ ಟ್ರೇಲರನ್ನು ಪಾರ್ಕಿಂಗಿನಲ್ಲಿ ಬಿಚ್ಚಿಟ್ಟು ಬರೀ ಟ್ರಕ್ ತೂಗಿ. ಎರಡು ಸಲವೂ ಅದೇ ಜನ, ಅದೇ ಸಾಮಾನು, ಅಷ್ಟೇ ಇಂಧನ ಇರಬೇಕು. ಮಕ್ಕಳು ನಡುವೆ ಇಳಿದು ಅಂಗಡಿಗೆ ಹೋದರೆ ಲೆಕ್ಕ ಕೆಡುತ್ತದೆ.

ನಮ್ಮ ಉದಾಹರಣೆಯ ಚೀಟಿಗಳು ಹೀಗಿರುತ್ತವೆ. ಟ್ರಕ್ ಮಾತ್ರ: ಮುಂದೆ 4,820, ಹಿಂದೆ 3,240, ಒಟ್ಟು 8,060. ಟ್ರೇಲರ್ ಕಟ್ಟಿದಾಗ: ಮುಂದೆ 4,860, ಹಿಂದೆ 5,780, ಟ್ರೇಲರ್ ಗಾಲಿ 9,420, ಒಟ್ಟು 20,060. ಟ್ರಕ್ಕಿನ ಎರಡು ಆಕ್ಸಲ್ ಕೂಡಿದರೆ 10,640. ಅದರಿಂದ 8,060 ಕಳೆದರೆ ನಿಜವಾದ ಪಿನ್ ತೂಕ 2,580. ಒಟ್ಟು 20,060ರಿಂದ 8,060 ಕಳೆದರೆ ಟ್ರೇಲರ್ 12,000, ಪಿನ್ 21.5 ಶೇಕಡಾ. ಟ್ರೇಲರಿಗೆ 1,850 ಪೌಂಡ್ ಸೇರಿಸಿದರೆ ಪಿನ್‌ಗೆ 740 ಏರಿತು, ಅಂದರೆ ಸೇರಿಸಿದ್ದರಲ್ಲಿ ನೂರಕ್ಕೆ ನಲವತ್ತು. ಟ್ರೇಲರ್ ತನ್ನ 13,000ದ ಮಿತಿಯೊಳಗಿದೆ. ಟ್ರಕ್ 640 ಪೌಂಡ್ ಮೀರಿದೆ.

ಇಲ್ಲೇ ವಾದ ಶುರುವಾಗುವುದು. ಹಿಂದಿನ ಆಕ್ಸಲ್ ಮಿತಿ 6,200 ಅಂದುಕೊಳ್ಳಿ, ಬಿದ್ದದ್ದು 5,780. ಟೈರು ಎಲ್‌ಟಿ 275/70ಆರ್18, ಲೋಡ್ ರೇಂಜ್ ಇ ಆದರೆ 80 ಪಿಎಸ್‌ಐ ಗಾಳಿಯಲ್ಲಿ ಒಂದೊಂದೂ 3,640 ಹೊರುತ್ತದೆ. ಆಕ್ಸಲ್ ಸರಿ, ಟೈರ್ ಸರಿ, ಮತ್ತೇನು, 10,000 ಅನ್ನುವುದು ರಿಜಿಸ್ಟ್ರೇಷನ್ ವರ್ಗಕ್ಕೆ ಹೊಂದಿಸಿ ಬರೆದ ಸಂಖ್ಯೆ ಅಷ್ಟೇ, ಎಂದು ವಾದಿಸುವವರಿದ್ದಾರೆ. ಪೂರ್ತಿ ಹುರುಳಿಲ್ಲದ ಮಾತಲ್ಲ. ಆದರೂ ಚೀಟಿಯಲ್ಲಿರುವುದು ತಯಾರಕರು ಹೊಣೆ ಹೊತ್ತ ಸಂಖ್ಯೆ, ಅಪಘಾತವಾದ ಮೇಲೆ ವಕೀಲರು ಓದುವುದೂ ಅದನ್ನೇ. 50 ಪೌಂಡಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, 640 ಮಾತ್ರ ಸಣ್ಣ ಮೀರಿಕೆಯಲ್ಲ. ಹಿಂಭಾಗ ಕೂತದ್ದು ಕಂಡು ಏರ್‌ಬ್ಯಾಗ್ ಹಾಕಿಸುವವರೂ ಇದ್ದಾರೆ. ಅದು ಟ್ರಕ್ಕನ್ನು ಸಮತಟ್ಟಾಗಿ ನಿಲ್ಲಿಸುತ್ತದೆ, ಹೆಡ್‌ಲೈಟ್ ಆಕಾಶ ನೋಡುವುದು ತಪ್ಪುತ್ತದೆ. ಮಿತಿ ಒಂದು ಪೌಂಡೂ ಏರುವುದಿಲ್ಲ.

ಸರಿಪಡಿಸುವ ದಾರಿ ಎರಡೇ. ಕಡಿಮೆ ತೂಕದ ಟ್ರೇಲರ್, ಇಲ್ಲವೇ ಒಂದು ಟನ್ ಟ್ರಕ್. ನೀರು ಊರು ತಲುಪಿದ ಮೇಲೆ ತುಂಬುವುದು, ಭಾರದ ಡಬ್ಬಿಗಳನ್ನು ಟ್ರೇಲರ್ ಆಕ್ಸಲ್ ಮೇಲಕ್ಕೆ ಸರಿಸುವುದು, ಇವು ನೂರಿನ್ನೂರು ಪೌಂಡಿನ ಉಪಾಯಗಳು. ಹೊಸದು ಕೊಳ್ಳುವವರಾದರೆ ಹೆಸರಿನಲ್ಲಿ 250 ಅಥವಾ 2500 ಇರುವ ಮುಕ್ಕಾಲು ಟನ್ ಟ್ರಕ್ ಬಿಟ್ಟು ನೇರ 350 ಅಥವಾ 3500 ಇರುವ ಒಂದು ಟನ್ ಟ್ರಕ್ ನೋಡುವುದೇ ಲೇಸು. ಒಂಟಿ ಹಿಂಗಾಲಿಯ ಒಂದು ಟನ್ ಟ್ರಕ್ ಸಾಮಾನ್ಯವಾಗಿ ಸಾವಿರ ಪೌಂಡಿನಷ್ಟಾದರೂ ಹೆಚ್ಚು ಹೊರುತ್ತದೆ, ಬೆಲೆಯಲ್ಲಿ ಅಷ್ಟು ಅಂತರವಿಲ್ಲ. ಟ್ರೇಲರ್‌ನ ಗರಿಷ್ಠ ತೂಕ 15,000 ಹತ್ತಿರ ಬಂದರೆ ಪಿನ್ 3,300ರ ಹತ್ತಿರ ಬರುತ್ತದೆ. ಅಲ್ಲಿಗೆ ಜೋಡಿ ಹಿಂಗಾಲಿಯ ಡ್ಯೂಯಲಿಯೇ ಬೇಕು ಅನ್ನುವುದು ಇಲ್ಲಿನ ಅಭಿಪ್ರಾಯ. ಅಡ್ಡಗಾಳಿಯಲ್ಲಿ ಅದು ನಿಲ್ಲುವ ರೀತಿಯೇ ಬೇರೆ. ಪಾರ್ಕಿಂಗಿನಲ್ಲಿ ಮಾತ್ರ ಗೋಳು, ಟೈರ್ ಬದಲಿಸುವಾಗಲೂ ಆರು.

ತೂಕ ಹೊಂದಿದ ಮಾತ್ರಕ್ಕೆ ಗಾಡಿ ಹೊಂದಿತು ಅಂತಲ್ಲ. ಟ್ರೇಲರ್ ಅಗಲ 96ರಿಂದ 102 ಇಂಚು, ಅಂದರೆ ಪಿನ್‌ನಿಂದ ಅಂಚಿಗೆ 48ರಿಂದ 51. ಐದೂವರೆ ಅಡಿ ಬೆಡ್‌ನಲ್ಲಿ ಬಿಗಿ ತಿರುವು ತೆಗೆದುಕೊಂಡರೆ ಆ ಅಂಚು ಕ್ಯಾಬಿನ ಹಿಂದಿನ ಗಾಜಿಗೆ ಬಡಿಯುತ್ತದೆ. ಅಂಥದ್ದಕ್ಕೆ ಹಿಂದೆ ಸರಿಯುವ ಹಿಚ್ ಬೇಕು. ಕೈಯಲ್ಲಿ ಸರಿಸುವ ಹಿಚ್ ಆದರೆ ಇಕ್ಕಟ್ಟಿನ ಜಾಗಕ್ಕೆ ನುಗ್ಗುವ ಮೊದಲೇ ಸರಿಸಬೇಕು, ಮರೆಯುವುದು ಯಾವಾಗಲೂ ಅಲ್ಲೇ. ಎಂಟಡಿ ಬೆಡ್‌ಗೆ ಈ ತಾಪತ್ರಯವಿಲ್ಲ. ಬೆಡ್‌ನ ಪಕ್ಕದ ಗೋಡೆಗೂ ಟ್ರೇಲರ್ ತಳಕ್ಕೂ ಕನಿಷ್ಠ 6 ಇಂಚು ಅಂತರವಿರಲಿ. ಈಗಿನ ಎತ್ತರದ ಟ್ರಕ್‌ಗಳಲ್ಲಿ ಆ ಅಂತರಕ್ಕಾಗಿ ಹಿಚ್ ಎತ್ತರಿಸಿದರೆ ಟ್ರೇಲರ್ ಮೂಗು ಮೇಲಾಗಿ, ಭಾರ ಅದರ ಹಿಂದಿನ ಆಕ್ಸಲ್‌ಗೆ ಸರಿದು ಆ ಟೈರುಗಳು ಮೊದಲು ಹೋಗುತ್ತವೆ. ಎಸ್‌ಟಿ ಗುರುತಿನ ಟ್ರೇಲರ್ ಟೈರುಗಳು ಬೇರೆ ಬರೆದಿಲ್ಲದಿದ್ದರೆ ಗಂಟೆಗೆ 65 ಮೈಲಿಗೆ ಮಾತ್ರ.

ಕ್ಯಾಲಿಫೋರ್ನಿಯಾದವರಿಗೆ ಒಂದು ಮಾತು: ಅಲ್ಲಿ ಟ್ರೇಲರ್ ಎಳೆಯುವಾಗ ವೇಗದ ಮಿತಿ 55. ಜಿವಿಡಬ್ಲ್ಯೂಆರ್ 10,000 ದಾಟಿ 15,000ದವರೆಗಿನ ಫಿಫ್ತ್‌ವೀಲ್‌ಗೆ ಸಾಮಾನ್ಯ ಕ್ಲಾಸ್ ಸಿ ಲೈಸೆನ್ಸ್ ಮೇಲೆ ಹೆಚ್ಚುವರಿ ಅನುಮತಿ ಬೇಕು, 15,000 ದಾಟಿದರೆ ನಾನ್ ಕಮರ್ಷಿಯಲ್ ಕ್ಲಾಸ್ ಎ. ನಮ್ಮ ಉದಾಹರಣೆಯ ಗಾಡಿ ಮೊದಲ ಗುಂಪಿನದು.

ಕಟ್ಟುವಾಗ ಆಗುವ ದೊಡ್ಡ ತಪ್ಪು ಪಿನ್ ಹಿಚ್‌ನ ದವಡೆಯೊಳಗೆ ಕೂರದೆ ಅದರ ಮೇಲೆ ನಿಲ್ಲುವುದು. ನೋಡಲು ಕೂತಂತೆಯೇ ಕಾಣುತ್ತದೆ. ಹೊರಟ ಮೊದಲ ಏರಿನಲ್ಲಿ ಟ್ರೇಲರ್ ಜಾರಿ ಬೆಡ್‌ನ ಗೋಡೆಗಳ ಮೇಲೆ ಕುಸಿಯುತ್ತದೆ. ಹಿಂದಕ್ಕೆ ಬರುವಾಗ ಹಿಚ್ ತಟ್ಟೆ ಟ್ರೇಲರ್ ಪಿನ್ ಬಾಕ್ಸ್‌ನ (ಕಿಂಗ್‌ಪಿನ್ ಕೂರಿಸಿದ ಭಾಗದ) ತಳವನ್ನು ಮುಟ್ಟಿ ಸ್ವಲ್ಪ ಮೇಲೆತ್ತುವಂತಿರಬೇಕು. ದವಡೆ ಮುಚ್ಚಿದ್ದನ್ನು ಟಾರ್ಚ್ ಹಿಡಿದು ನೋಡಿ, ವೈರ್ ಪ್ಲಗ್ ಚುಚ್ಚಿ, ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ಹಾಕಿಸುವ ಬ್ರೇಕ್‌ಅವೇ ತಂತಿಯನ್ನು ಹಿಚ್‌ಗಲ್ಲ, ಟ್ರಕ್ಕಿಗೇ ಸಿಕ್ಕಿಸಿ. ಟ್ರೇಲರ್ ಗಾಲಿಯ ದಿಮ್ಮಿ ತೆಗೆಯದೆ, ಬಿಚ್ಚಿಟ್ಟಾಗ ಟ್ರೇಲರನ್ನು ಹೊರುವ ಮುಂಗಾಲುಗಳನ್ನು ನೆಲದಿಂದ ಒಂದಿಂಚು ಮಾತ್ರ ಎತ್ತಿ, ಕೈಯಲ್ಲಿ ಟ್ರೇಲರ್ ಬ್ರೇಕ್ ಹಿಡಿದು ಮೆಲ್ಲಗೆ ಮುಂದಕ್ಕೆ ಎಳೆದು ನೋಡಿ. ಟ್ರಕ್ ಕದಲದಿದ್ದರೆ ಕೂತಿದೆ. ಬಿಚ್ಚುವಾಗ ಮುಂದೆ ಹೋಗುವ ಮುಂಚೆ ಬೆಡ್‌ನ ಹಿಂಬಾಗಿಲಾದ ಟೈಲ್‌ಗೇಟ್ ಇಳಿಸಿ.