ನಾಲ್ಕನೇ ಕ್ರೋಮೋಸೋಮಿನ ಚುಕ್ಕಿಗಳು

ಆಗಸ್ಟ್ 14, 2024, ಬುಧವಾರ

ಕೋಳಿಗಳ ತೂಕದ ಜೊತೆ ಡಿಎನ್‌ಎಯ ಯಾವ ಮಾರ್ಕರ್‌ಗೆ (ಕೋಳಿಯಿಂದ ಕೋಳಿಗೆ ಬದಲಾಗುವ, ಗುರುತು ಹಿಡಿಯಬಹುದಾದ ಜಾಗಕ್ಕೆ) ನಂಟಿದೆ ಅಂತ ಹುಡುಕುವ ಲೆಕ್ಕದ ಮೊದಲ ಚಿತ್ರ ಇವತ್ತು ಪರದೆ ಮೇಲೆ ಬಂತು. ಒಂದೊಂದು ಚುಕ್ಕಿ ಒಂದೊಂದು ಮಾರ್ಕರ್; ನಂಟಿನ ಸಾಕ್ಷಿ ಗಟ್ಟಿಯಾದಷ್ಟೂ ಚುಕ್ಕಿ ಮೇಲೆ. ಹೆಚ್ಚಿನ ಚುಕ್ಕಿಗಳು ಕೆಳಗೇ ಉಳಿದಿದ್ದವು. ನಾಲ್ಕನೇ ಕ್ರೋಮೋಸೋಮಿನಲ್ಲಿ ಮಾತ್ರ ಒಂದು ಗುಂಪು ಮೇಲಕ್ಕೆದ್ದು ನಿಂತಿತ್ತು. ತುಂಬಾ ಖುಷಿಯಾಯಿತು.

ಆ ಜಾಗ ಹೊಸದೇನಲ್ಲ. ಎಲ್‌ಸಿಒಆರ್‌ಎಲ್, ಎನ್‌ಸಿಎಪಿಜಿ ಎಂಬ ಜೀನ್‌ಗಳು ಅಲ್ಲಿ ಅಕ್ಕಪಕ್ಕದಲ್ಲಿವೆ. ದನ, ಕುದುರೆಗಳ ಗಾತ್ರಕ್ಕೂ ಮನುಷ್ಯರ ಎತ್ತರಕ್ಕೂ ಇದೇ ಜೀನ್‌ಗಳ ನಂಟು ಕಂಡುಬಂದಿದೆ. ಹಕ್ಕಿಗಳ ದಾರಿಯೂ ಸಸ್ತನಿಗಳ ದಾರಿಯೂ ಬೇರೆಯಾಗಿ 30 ಕೋಟಿ ವರ್ಷಕ್ಕೂ ಜಾಸ್ತಿ ಆಯಿತು. ಆದರೂ ಅದೇ ಜೀನ್‌ಗಳು! ಇದು ನನಗೆ ಪ್ರತಿ ಸಲವೂ ಹೊಸದಾಗಿ ಬೆರಗು ಹುಟ್ಟಿಸುತ್ತದೆ.

ಹಾಗಂತ ಮಾರ್ಕರ್ರೇ ಕಾರಣ ಅಂತ ಹೇಳೋಕಾಗಲ್ಲ. ಡಿಎನ್‌ಎಯಲ್ಲಿ ಹತ್ತಿರ ಇರುವ ತುಣುಕುಗಳು ಒಟ್ಟಿಗೇ ಮರಿಗಳಿಗೆ ಬರುತ್ತವೆ. ಹಾಗಾಗಿ ನಿಜವಾದ ಕಾರಣ ಪಕ್ಕದಲ್ಲೆಲ್ಲೋ ಇದ್ದರೂ ಮಾರ್ಕರ್ ಎದ್ದು ಕಾಣುತ್ತದೆ. ಆಕಸ್ಮಿಕದ ಕಾಟ ಬೇರೆ. 6 ಲಕ್ಷ ಮಾರ್ಕರ್‌ಗಳನ್ನು ಪರೀಕ್ಷಿಸಿ, ಆಕಸ್ಮಿಕವಾಗಿ ಹಾಗೆ ಕಾಣುವ ಸಾಧ್ಯತೆ 20ಕ್ಕೆ 1ಕ್ಕಿಂತ ಕಡಿಮೆ ಇದ್ದರೆ ಸಾಕು ಅಂತ ಅಳತೆ ಇಟ್ಟರೆ, ಯಾವ ನಂಟೂ ಇಲ್ಲದಿದ್ದರೂ ಸುಮಾರು 30,000 ಮಾರ್ಕರ್‌ಗಳು ‘ಸಿಕ್ಕಿತು’ ಅನ್ನುತ್ತವೆ. ಅದಕ್ಕೇ ‘ಇದು ನಿಜವಾದ ನಂಟು’ ಅಂತ ಒಪ್ಪುವ ಗೆರೆಯನ್ನು ಚಿತ್ರದಲ್ಲಿ ತುಂಬಾ ಮೇಲೆ ಎಳೆಯುತ್ತಾರೆ. ಅಣ್ಣ ತಮ್ಮ, ಅಕ್ಕ ತಂಗಿ ಕೋಳಿಗಳು ಒಂದೇ ಗುಂಪಿನಲ್ಲಿದ್ದರೆ ಆ ಬಂಧುತ್ವವನ್ನೂ ಲೆಕ್ಕಕ್ಕೆ ಸೇರಿಸಬೇಕು.

ನನ್ನ ತಲೆ ತಿನ್ನುತ್ತಿರುವುದು ಬೇರೆ ವಿಷಯ. ನಾವು ‘ಗಾತ್ರ’ ಅಂತ ಅಳೆದದ್ದು ತೂಕವನ್ನು. ಆ ತೂಕದಲ್ಲಿ ಮೂಳೆ ಇದೆ, ಮಾಂಸ ಇದೆ, ಕೊಬ್ಬಿದೆ. ಹಸಿವೂ ಇದೆ!

ಅಮೆರಿಕದ ವರ್ಜೀನಿಯಾದಲ್ಲಿ ಕೋಳಿ ತಳಿ ವಿಜ್ಞಾನಿ ಪಾಲ್ ಸೀಗೆಲ್ 1957ರಲ್ಲಿ ಶುರುಮಾಡಿದ ಪ್ರಯೋಗವೇ ಇದಕ್ಕೆ ಸಾಕ್ಷಿ. ಬಿಳಿ ಪ್ಲಿಮತ್ ರಾಕ್ ತಳಿಯ ಕೋಳಿಗಳಿಂದ ಎರಡು ವಂಶದ ಸಾಲು ಬೆಳೆಸಿದರು. ಎಂಟು ವಾರದ ತೂಕ ನೋಡಿ, ಒಂದರಲ್ಲಿ ಭಾರದವನ್ನೂ ಇನ್ನೊಂದರಲ್ಲಿ ಹಗುರದವನ್ನೂ ಮರಿ ಮಾಡಿಸಲು ಆರಿಸುತ್ತಾ ಹೋದರು. 40 ತಲೆಮಾರು ದಾಟುವ ಹೊತ್ತಿಗೆ ಎರಡರ ತೂಕದಲ್ಲಿ ಎಂಟು ಪಟ್ಟಿಗೂ ಹೆಚ್ಚು ಅಂತರ ಬಂದಿತ್ತು. ಭಾರದ ಸಾಲಿನವಕ್ಕೆ ತಿಂದಷ್ಟೂ ಸಾಲದು. ಹಗುರದ ಸಾಲಿನಲ್ಲಿ ಎಷ್ಟೋ ಕೋಳಿಗಳಿಗೆ ತಿನ್ನುವ ಆಸೆಯೇ ಇಲ್ಲ. ಆರಿಸಿದ್ದು ತೂಕ ನೋಡಿ, ಬದಲಾದದ್ದು ಹಸಿವು ಕೂಡ. ಆ ಸಾಲುಗಳನ್ನು ಬೆರೆಸಿ ತೂಕದ ಜೀನ್‌ಗಳನ್ನು ಹುಡುಕಿದಾಗ ಒಂದೊಂದೇ ಜೀನಿನ ಪರಿಣಾಮ ಸಣ್ಣದಾಗಿತ್ತು. ಡಿಎನ್‌ಎಯ ಕೆಲವು ಜಾಗಗಳ ಬಲ ಬೇರೆ ಜಾಗಗಳಲ್ಲಿ ಏನಿದೆ ಅನ್ನುವುದರ ಮೇಲೆ ನಿಂತಿದೆ ಅಂತ 2006ರಲ್ಲಿ ಗೊತ್ತಾಯಿತು.

ಎಲ್ಲವೂ ಇಷ್ಟು ಸಿಕ್ಕುಸಿಕ್ಕಾಗಿಲ್ಲ. ಜೆಡ್ ಎಂಬ ಲಿಂಗ ಕ್ರೋಮೋಸೋಮಿನಲ್ಲಿ ಬೆಳವಣಿಗೆ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕದ ಜೀನ್ ಇದೆ; ಅದು ಕೆಟ್ಟರೆ ಕೋಳಿ ಗಿಡ್ಡವಾಗುತ್ತದೆ. ಒಂದೇ ಜೀನ್, ನೇರ ಕಾರಣ. ಇಂಥವು ಅಪರೂಪ.

ಆದ್ದರಿಂದ ನಾಲ್ಕನೇ ಕ್ರೋಮೋಸೋಮಿನ ಈ ಗುಂಪು ಮೂಳೆಯದೋ, ಮಾಂಸದ್ದೋ, ಹಸಿವಿನದೋ ಅಂತ ಕೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ತೂಕವೊಂದನ್ನೇ ನೋಡಿ ತಳಿ ಆರಿಸಿದರೆ ಏನಾಗುತ್ತದೆ ಅಂತ ವೇಗವಾಗಿ ಬೆಳೆಯುವ ಬ್ರಾಯ್ಲರ್‌ಗಳ ಕಾಲುನೋವು, ಹೃದಯದ ತೊಂದರೆಗಳೇ ತೋರಿಸಿವೆ ಅಲ್ವಾ? ನಾಳೆ ಕಾಲಿನ ಉದ್ದ ಮತ್ತು ತಿಂದ ಆಹಾರದ ಅಳತೆಗಳನ್ನು ಬೇರೆ ಬೇರೆಯಾಗಿ ಹಾಕಿ ಇದೇ ಲೆಕ್ಕ ಓಡಿಸುತ್ತೇನೆ. ಆಮೇಲೆ ಅತಿ ಮೇಲಿನ ಮಾರ್ಕರಿನ ಪರಿಣಾಮವನ್ನು ಲೆಕ್ಕದಲ್ಲಿ ಕಳೆದು, ಉಳಿದವು ಆಗಲೂ ಎದ್ದು ನಿಲ್ಲುತ್ತವೆಯೇ ಅಂತ ನೋಡಬೇಕು. ನಿಂತರೆ ಅಲ್ಲಿ ಎರಡನೆಯದೊಂದು ಕಾರಣವೂ ಇರಬಹುದು.