ಪಾನ್ ಪಸಂದ್ ಮತ್ತು ನಮ್ಮ ವಿಮಾನಪುರ

ಪಾನ್ ಪಸಂದ್ ಪೆಪ್ಪರ್‌ಮೆಂಟು ಬಾಯಿಗೆ ಹಾಕಿಕೊಂಡು ಕ್ಲಾಸಿನಲ್ಲಿ ಸುಮ್ನೆ ಕೂತಿರಲು ಆಗುತ್ತಿರಲಿಲ್ಲ. ಘಮ ಹೇಳಿಬಿಡುತ್ತಿತ್ತು. ಊಟವಾದ ಮೇಲೆ ತಾತ ಹಾಕುವ ಎಲೆಅಡಿಕೆಯ ಘಮ ಅದು, ಆದರೆ ಮಕ್ಕಳೂ ತಿನ್ನಬಹುದಾಗಿದ್ದ ಘಮ. ಮಕ್ಕಳು ಎಲೆಅಡಿಕೆ ಹಾಕಬಾರದು ಎನ್ನುತ್ತಿದ್ದ ಮನೆಗಳಲ್ಲೂ ಪಾನ್ ಪಸಂದ್‌ಗೆ ಅಡ್ಡಿ ಇರಲಿಲ್ಲ. ನಮಗೆ ಅದಕ್ಕಿಂತ ಇನ್ನೇನು ಬೇಕಿತ್ತು?

ಎಂಬತ್ತರ ದಶಕದಲ್ಲಿ ಬೆಂಗಳೂರಿನ ವಿಮಾನಪುರದಲ್ಲಿ ಓದಿದವರಿಗೆ ರಾವಳಗಾಂವ್ ಎಂಬ ಮಿಠಾಯಿ ಕಂಪನಿಯ ಹೆಸರು ಬಿಡಿಸಿ ಹೇಳಬೇಕಿಲ್ಲ. ಪಾನ್ ಪಸಂದ್, ಮ್ಯಾಂಗೋ ಮೂಡ್, ಕಾಫಿ ಬ್ರೇಕ್, ಟುಟಿ ಫ್ರೂಟಿ, ಚೆರ್ರಿ. ಶಾಲೆಯ ಗೇಟಿನ ಎದುರಿನ ಅಂಗಡಿಯಲ್ಲಿ ಗಾಜಿನ ಭರಣಿಗಳು ಸಾಲಾಗಿರುತ್ತಿದ್ದವು. ಚಿಲ್ಲರೆ ಇಲ್ಲ ಅಂದರೆ ಅಂಗಡಿಯವರು ಅದರಿಂದಲೇ ಒಂದು ತೆಗೆದು ಕೈಗಿಡುತ್ತಿದ್ದರು. ದೂರದರ್ಶನದಲ್ಲಿ ಪಾನ್ ಪಸಂದ್ ಜಾಹೀರಾತು ಬರುತ್ತಿತ್ತು. ಸಿಡುಕುತ್ತಿದ್ದ ಹೆಂಗಸು ಒಂದು ಪೆಪ್ಪರ್‌ಮೆಂಟು ತಿಂದ ಮೇಲೆ ಅದೇ ಮಾತನ್ನು ಜೇನಿನಂತೆ ಆಡುತ್ತಾಳೆ. ಮಾರನೇ ದಿನ ರೀಸಸ್ಸಿನಲ್ಲಿ ನಾವೆಲ್ಲ ಅದನ್ನೇ ಮಾಡಿ ತೋರಿಸುತ್ತಿದ್ದೆವು. ಹಿಂದಿ ಬಾರದವರೂ ಮಾಡುತ್ತಿದ್ದರು!

ಹುಟ್ಟುಹಬ್ಬ ಅಂದರೆ ಯೂನಿಫಾರಂ ಇಲ್ಲದೆ ಬಣ್ಣದ ಬಟ್ಟೆ, ಕೈಯಲ್ಲಿ ಪೆಪ್ಪರ್‌ಮೆಂಟಿನ ಪ್ಯಾಕೆಟ್ಟು. ಎಲ್ಲರಿಗೂ ಒಂದೊಂದು, ಮೇಷ್ಟ್ರಿಗೂ ಮಿಸ್ಸಿಗೂ ಎರಡೆರಡು. ನಮ್ಮ ಕ್ಲಾಸಿನಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳಂ, ಬಂಗಾಳಿ ಮನೆಮಾತಿನವರು ಇದ್ದರು. ಎಲ್ಲರ ಅಪ್ಪಂದಿರೂ ಹೆಚ್ಚುಕಡಿಮೆ ಒಂದೇ ಕಾರ್ಖಾನೆಗೆ ಹೋಗುತ್ತಿದ್ದರು. ನಮ್ಮಪ್ಪ ವಿಮಾನ ಕಟ್ಟುವ ಆ ಎಚ್‌ಎಎಲ್‌ನಲ್ಲಿ ಫಿಟ್ಟರ್. ಸಂಜೆ ಪಾಳಿ ಮುಗಿಸಿ ಬಂದು, ಅಂಗಿಯ ಜೇಬಿನಿಂದ ನನಗೂ ತಂಗಿಗೂ ಮ್ಯಾಂಗೋ ಮೂಡ್ ತೆಗೆದುಕೊಡುತ್ತಿದ್ದರು. ಅಂಗಿಯ ಎಣ್ಣೆ ವಾಸನೆ ಆ ಕಾಗದಕ್ಕೂ ಹತ್ತಿರುತ್ತಿತ್ತು. ನನಗೆ ಮಾವಿನ ರುಚಿಯ ಜೊತೆಗೆ ಆ ವಾಸನೆಯೂ ಇಷ್ಟ.

ಈ ಪೆಪ್ಪರ್‌ಮೆಂಟಿಗೂ ಆ ಕಾರ್ಖಾನೆಗೂ ನಂಟು ಇದೆ ಅಂತ ಆಗ ನಮಗೆ ಯಾರೂ ಹೇಳಲಿಲ್ಲ. ದೊಡ್ಡವನಾದ ಮೇಲೆ ಓದಿ ತಿಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಎರಡನ್ನೂ ಕಟ್ಟಿದವರು ಒಬ್ಬರೇ, ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದ್. ರಾವಳಗಾಂವ್ ಎಂಬುದು ನಾಸಿಕ್ ಜಿಲ್ಲೆಯ ಮಾಲೇಗಾಂವ್ ಹತ್ತಿರದ ಹಳ್ಳಿ. ಅಲ್ಲಿ ಪಾಳುಬಿದ್ದ ನೆಲ ಕೊಂಡು, ಹದಮಾಡಿ, ಕಬ್ಬು ಬೆಳೆಸಿದರು. 1933ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು. ಸಕ್ಕರೆ ಇದ್ದಲ್ಲಿ ಮಿಠಾಯಿ ಬರಲೇಬೇಕಲ್ವಾ? 1940ರ ದಶಕದ ಆರಂಭದಲ್ಲಿ ಅದೂ ಬಂತು.

ಅದೇ ಹೊತ್ತಿಗೆ ಅವರು ಬೆಂಗಳೂರಿನಲ್ಲಿ ವಿಮಾನದ ಕೆಲಸಕ್ಕೂ ಕೈಹಾಕಿದ್ದರು. 1939ರಲ್ಲಿ ಪ್ರಯಾಣದ ನಡುವೆ ಅಮೆರಿಕದ ವಿಮಾನ ಉದ್ಯಮಿ ವಿಲಿಯಂ ಪಾಲಿ ಅವರ ಪರಿಚಯವಾಗಿತ್ತು. ಭಾರತದಲ್ಲೇ ವಿಮಾನ ಕಟ್ಟಬೇಕು ಎಂಬ ಆಸೆಗೆ ಅಲ್ಲಿ ದಾರಿ ಸಿಕ್ಕಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಜಾಗ ಕೊಟ್ಟಿತು, ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಅಂದರೆ ಮುಂದೆ ಎಚ್‌ಎಎಲ್ ಆದ ಕಂಪನಿ, ಹುಟ್ಟಿತು. ಯುದ್ಧದ ಕಾಲ ಅದು. 1942ರಲ್ಲಿ ಭಾರತ ಸರ್ಕಾರವೇ ಕಾರ್ಖಾನೆಯನ್ನು ಕೈಗೆ ತೆಗೆದುಕೊಂಡಿತು. ವಾಲ್‌ಚಂದರು ಅಲ್ಲಿಂದ ಹೊರಬಂದರು, ಕಾರ್ಖಾನೆ ಉಳಿಯಿತು. ಅದು ಉಳಿದದ್ದರಿಂದ ವಿಮಾನಪುರ ಬೆಳೆಯಿತು, ನಮ್ಮ ಶಾಲೆ ಬಂತು, ನಾವು ಬಂದೆವು. ನಮ್ಮ ಮನೆಯ ಅನ್ನ, ನಮ್ಮ ಜೇಬಿನ ಪೆಪ್ಪರ್‌ಮೆಂಟು ಎರಡರ ಹಿಂದೆಯೂ ಒಬ್ಬನೇ ಮನುಷ್ಯನ ಧೈರ್ಯ ಇತ್ತು ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮಿಠಾಯಿಯ ಕಥೆ ಮಾತ್ರ ಬೇರೆ ದಾರಿ ಹಿಡಿಯಿತು. ತೊಂಬತ್ತರ ದಶಕದಲ್ಲಿ ಪರ್ಫೆಟ್ಟಿಯಂಥ ವಿದೇಶಿ ಕಂಪನಿಗಳು ಬಂದವು. ಜಾಹೀರಾತಿಗೆ ಅವರು ಸುರಿಯುತ್ತಿದ್ದ ದುಡ್ಡು ಜಾಸ್ತಿ. ಇನ್ನೊಂದು ಕಡೆ ಸಣ್ಣಪುಟ್ಟ ತಯಾರಕರ ಅಗ್ಗದ ಮಾಲು. ಸಕ್ಕರೆ, ಕರೆಂಟು, ಕೂಲಿ ಎಲ್ಲ ಏರಿದವು. ಆದರೆ ಚಿಲ್ಲರೆ ಕಾಸಿನ ಪೆಪ್ಪರ್‌ಮೆಂಟಿಗೆ ಬೆಲೆ ಏರಿಸುವುದು ಹೇಗೆ? ಐವತ್ತು ಪೈಸೆಯದ್ದಕ್ಕೆ ಐದು ಪೈಸೆ ಸೇರಿಸಲು ಆಗುವುದಿಲ್ಲ, ಒಮ್ಮೆಲೇ ಒಂದು ರೂಪಾಯಿ ಮಾಡಬೇಕು. 2011ರಲ್ಲಿ ನಾಲ್ಕಾಣೆ ನಾಣ್ಯವೇ ಚಲಾವಣೆಯಿಂದ ಹೋಯಿತು. ಅಂಗಡಿಗಳಲ್ಲಿ ರಾವಳಗಾಂವ್ ಹೆಸರು ಅಪರೂಪವಾಯಿತು. ಕೊನೆಗೆ 2024ರ ಫೆಬ್ರುವರಿಯಲ್ಲಿ ರಿಲಯನ್ಸ್‌ನವರು ಪಾನ್ ಪಸಂದ್ ಮುಂತಾದ ಹೆಸರುಗಳನ್ನು, ಮಾಡುವ ವಿಧಾನವನ್ನೂ ಸೇರಿಸಿ 27 ಕೋಟಿ ರೂಪಾಯಿಗೆ ಕೊಂಡರು. ಸುದ್ದಿ ಓದಿ ನನಗೆ ತುಂಬ ಬೇಸರವಾಯಿತು. ನಮ್ಮ ಇಡೀ ಬಾಲ್ಯದಲ್ಲಿ ಬೆರೆತಿದ್ದ ಹೆಸರಿಗೆ ಇಷ್ಟೇನಾ ಅನ್ನಿಸಿತು. ಹೆಸರು ಉಳಿಯಿತಲ್ಲ ಅಂತ ಸಮಾಧಾನವೂ ಆಯಿತು.

ಶಾಲೆಯ ಈಗಿನ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ ಇದೆ. ವಾಲ್‌ಚಂದರು ತೀರಿಕೊಂಡದ್ದು 1953ರಲ್ಲಿ. ಅವರ ಒಂದು ಪಟವನ್ನು ನಮ್ಮ ಸಭಾಂಗಣದಲ್ಲಿ ಹಾಕಿ. ಪಟದ ಕೆಳಗೆ ವಿಮಾನದ ಜೊತೆ ಮಿಠಾಯಿಯ ವಿಷಯವನ್ನೂ ಬರೆಸಿ, ಮಕ್ಕಳು ನಿಂತು ಓದುತ್ತಾರೆ. ಹಳೆಯ ಗೆಳೆಯ ಗೆಳತಿಯರೇ, ನೋಟ್‌ಬುಕ್ಕಿನ ಹಾಳೆಗಳ ನಡುವೆ ನೀವು ಒತ್ತಿಟ್ಟಿದ್ದ ಮ್ಯಾಂಗೋ ಮೂಡ್ ಕಾಗದ ಯಾರ ಹತ್ತಿರವಾದರೂ ಇನ್ನೂ ಇದ್ದರೆ, ದಯವಿಟ್ಟು ಶಾಲೆಗೆ ತಂದುಕೊಡಿ. ಪಟಕ್ಕೆ ಚೌಕಟ್ಟು ಹಾಕಿಸುವ ಖರ್ಚು ನನ್ನದು.